ಬೈಬಲಿನೊಳಗಿನ ಬರಹದ ಬಗೆಗಳು: ಗುರುತಿಸಿ ಓದಲು ಒಂದು ಸಮಗ್ರ ಮಾರ್ಗದರ್ಶಿ

ಬೈಬಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುತ್ತೇನೆಂದು ಹೊರಟವರಲ್ಲಿ ಬಹಳ ಮಂದಿ ನಿಂತುಬಿಡುವ ಜಾಗ ಒಂದೇ: ವಿಮೋಚನಕಾಂಡದ 25ನೇ ಅಧ್ಯಾಯ. ಅಲ್ಲಿಯವರೆಗೆ ಕತೆ ಓಡುತ್ತಿರುತ್ತದೆ. ಅಣ್ಣಂದಿರು ಯೋಸೇಫನನ್ನು ಮಾರುತ್ತಾರೆ, ಮೋಶೆ ಬುಟ್ಟಿಯಲ್ಲಿ ತೇಲುತ್ತಾನೆ, ಸಮುದ್ರ ಇಬ್ಭಾಗವಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲದ ಪೆಟ್ಟಿಗೆಯ, ಅದನ್ನಿಡುವ ಆರಾಧನೆಯ ಗುಡಾರದ ಲೆಕ್ಕ ಶುರು. ಪರದೆಗೆ ಎಷ್ಟು ಕುಣಿಕೆ, ಕಂಬಕ್ಕೆ ಯಾವ ಲೋಹ ಎಂಬ ವಿವರ. ಇದನ್ನು ಹೇಗೋ ದಾಟಿದವರನ್ನು ಯಾಜಕಕಾಂಡದ ಯಜ್ಞವಿಧಿಗಳು ನಿಲ್ಲಿಸುತ್ತವೆ. ಇದಕ್ಕೆ ಓದುಗರ ಸೋಮಾರಿತನ ಕಾರಣವಲ್ಲ. ಬರಹದ ಬಗೆ ಬದಲಾಯಿತು, ಓದುವ ರೀತಿ ಬದಲಾಗಲಿಲ್ಲ, ಅಷ್ಟೇ.

‘ಬೈಬಲ್’ ಎಂಬ ಮಾತಿನ ಮೂಲ ‘ಬಿಬ್ಲಿಯ’ ಎಂಬ ಗ್ರೀಕ್ ಬಹುವಚನ, ಅರ್ಥ ‘ಪುಸ್ತಕಗಳು’. ನಾವು ಅದನ್ನು ಒಂದೇ ರಟ್ಟಿನೊಳಗೆ ಕಟ್ಟಿ, ‘ಸತ್ಯವೇದ’ ಎಂದೋ ‘ಪವಿತ್ರ ಬೈಬಲ್’ ಎಂದೋ ಏಕವಚನದಲ್ಲಿ ಕರೆಯುವುದರಿಂದ ಒಳಗಿನ ವೈವಿಧ್ಯ ಕಣ್ಣಿಗೆ ಬೀಳುವುದಿಲ್ಲ. ಶಾಸನ, ಹಾಡು, ಗಾದೆ, ಕಾಗದ, ವಂಶಾವಳಿ, ಕನಸಿನಂಥ ದರ್ಶನ ಎಲ್ಲವೂ ಇಲ್ಲಿವೆ. ಒಂದೊಂದನ್ನೂ ಅದರದರ ರೀತಿಯಲ್ಲಿ ಓದಬೇಕು. ಅದಕ್ಕೆ ಬೇಕಾದದ್ದು ಪೂರ್ಣ ಕನ್ನಡ ಬೈಬಲಿನ ಒಂದು ಪ್ರತಿ, ಪೆನ್ಸಿಲ್, ಒಂದು ನೋಟ್‌ಬುಕ್. ಮೊದಲ ಮೂರು ಹಂತಗಳಿಗೆ ಒಂದು ಗಂಟೆ ಸಾಕು. ನಾಲ್ಕನೆಯದಕ್ಕೆ ಕೆಲವು ವಾರಗಳು ಹಿಡಿಯುತ್ತವೆ.

ಹಂತ 1: ಪರಿವಿಡಿಗೆ ಪೆನ್ಸಿಲ್ ಹಿಡಿಯಿರಿ

ಪರಿವಿಡಿಯ ಪುಟ ತೆಗೆದು ಪುಸ್ತಕಗಳನ್ನು ಎಣಿಸಿ. 66 ಇದ್ದರೆ ಅದು ಪ್ರೊಟೆಸ್ಟೆಂಟ್ ಸಭೆಗಳ ಬೈಬಲ್: ಹಳೆಯ ಒಡಂಬಡಿಕೆ 39, ಹೊಸ ಒಡಂಬಡಿಕೆ 27. 73 ಇದ್ದರೆ ಅದು ಕಥೋಲಿಕರದು: 46 ಮತ್ತು 27. ಹೆಚ್ಚಿನ ಏಳು ಯಾವುವೆಂದರೆ ತೋಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕಗಳು, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ. ಎಸ್ತೇರಳ ಮತ್ತು ದಾನಿಯೇಲನ ಪುಸ್ತಕಗಳೂ ಕಥೋಲಿಕ ಬೈಬಲಿನಲ್ಲಿ ಉದ್ದ ಇರುತ್ತವೆ. ಕೆಲವು ಮುದ್ರಣಗಳು ಈ ಹೆಚ್ಚಿನ ಭಾಗಗಳನ್ನು ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಡುತ್ತವೆ. 1534ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಲೂಥರನ ಜರ್ಮನ್ ಬೈಬಲೂ ಹಾಗೇ ಮಾಡಿತ್ತು. 1546ರಲ್ಲಿ ಟ್ರೆಂಟ್ ನಗರದ ಮಹಾಸಭೆ ಇವೆಲ್ಲವೂ ಶ್ರೀಗ್ರಂಥದ ಭಾಗವೇ ಎಂದು ಕಥೋಲಿಕರಿಗೆ ಖಚಿತಪಡಿಸಿತು. ಹೊಸ ಒಡಂಬಡಿಕೆಯ 27ರ ಬಗ್ಗೆ ಈ ಎರಡು ಪಂಗಡಗಳ ನಡುವೆ ಭೇದವಿಲ್ಲ. ಅದೇ 27 ಹೆಸರುಗಳ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅತನಾಸಿಯನು ಕ್ರಿ.ಶ. 367ರಲ್ಲಿ ಬರೆದ ಪಾಸ್ಕ (ಈಸ್ಟರ್) ಹಬ್ಬದ ಪತ್ರದಲ್ಲಿದೆ.

ಈಗ ಪಕ್ಕದಲ್ಲಿ ಆವರಣ ಹಾಕುತ್ತಾ ಹೋಗಿ. 66ರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮೊದಲ 5 ಧರ್ಮಶಾಸ್ತ್ರ, ಯೆಹೋಶುವನಿಂದ ಎಸ್ತೇರಳವರೆಗೆ 12 ಚರಿತ್ರೆ, ಯೋಬನಿಂದ ಪರಮಗೀತೆಯವರೆಗೆ 5 ಕಾವ್ಯ ಮತ್ತು ಜ್ಞಾನ, ಯೆಶಾಯನಿಂದ ಮಲಾಕಿಯವರೆಗೆ 17 ಪ್ರವಾದನೆ. ಹೊಸ ಒಡಂಬಡಿಕೆಯಲ್ಲಿ 4 ಸುವಾರ್ತೆ, 1 ಅಪೊಸ್ತಲರ ಕೃತ್ಯಗಳು, 21 ಪತ್ರ, 1 ಪ್ರಕಟನೆ. ಕಥೋಲಿಕ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ ಲೆಕ್ಕ 5, 16, 7, 18 ಆಗುತ್ತದೆ. ಕೂಡಿದ ಮೊತ್ತ ಸರಿಬಂತೇ ನೋಡಿಕೊಳ್ಳಿ.

ಹೆಸರುಗಳು ಕಂಡು ಗಾಬರಿಯಾಗಬೇಡಿ. ಒಂದೇ ಪುಸ್ತಕಕ್ಕೆ ಕನ್ನಡದಲ್ಲಿ ಎರಡು ಹೆಸರುಗಳುಂಟು. ಹಳೆಯ ಅನುವಾದದ ‘ಸುವಾರ್ತೆ’ ಕಥೋಲಿಕರ ಬಾಯಲ್ಲಿ ‘ಶುಭಸಂದೇಶ’. ‘ಅಪೊಸ್ತಲರ ಕೃತ್ಯಗಳು’ ಎಂಬುದು ‘ಪ್ರೇಷಿತರ ಕಾರ್ಯಕಲಾಪಗಳು’. ಇಲ್ಲಿ ಹಳೆಯ ಅನುವಾದದ ಹೆಸರುಗಳನ್ನೇ ಇಟ್ಟುಕೊಂಡಿದೆ.

ಹಂತ 2: ಕ್ರಮವನ್ನು ಕಾಲವೆಂದು ತಿಳಿಯಬೇಡಿ

ಅತಿ ಹೆಚ್ಚು ಓದುಗರು ಎಡವುವುದು ಇಲ್ಲಿ. ಪುಸ್ತಕಗಳನ್ನು ಬಗೆಯ ಪ್ರಕಾರ ಜೋಡಿಸಿದ್ದಾರೆಯೇ ಹೊರತು ಬರೆದ ಅಥವಾ ಘಟನೆ ನಡೆದ ಕಾಲದ ಪ್ರಕಾರವಲ್ಲ. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸುವುದು ಬಾಬೆಲಿನ ಸೆರೆವಾಸದಿಂದ ಜನ ಮರಳಿದ ಮೇಲಿನ ಮಾತು. ಆ ಪುಸ್ತಕ ಪರಿವಿಡಿಯಲ್ಲಿ ಮೊದಲು ಬರುತ್ತದೆ. ಆ ಊರು ಹಾಳಾಗುತ್ತದೆಂದು ಎಚ್ಚರಿಸಿದ ಯೆರೆಮೀಯ ಅದಾದ ಎಷ್ಟೋ ಪುಟಗಳ ಮೇಲೆ ಬರುತ್ತಾನೆ. ಆದಿಸಭೆಯ ಬೋಧಕ ಪೌಲನ ಪತ್ರಗಳ ಜೋಡಣೆಯಂತೂ ಉದ್ದದ ಪ್ರಕಾರ: ಮೊದಲು ಸಭೆಗಳಿಗೆ ಬರೆದವು, ಆಮೇಲೆ ವ್ಯಕ್ತಿಗಳಿಗೆ ಬರೆದವು, ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ದೊಡ್ಡದರಿಂದ ಚಿಕ್ಕದಕ್ಕೆ. ಹಾಗಾಗಿ 16 ಅಧ್ಯಾಯಗಳ ರೋಮಾಪುರದವರಿಗೆ ಮೊದಲು, 25 ವಚನಗಳ ಫಿಲೆಮೋನನಿಗೆ ಕೊನೆಗೆ. ಸುಮಾರು ಕ್ರಿ.ಶ. 50ರ ಹೊತ್ತಿನದು, ಪೌಲನ ಅತಿ ಹಳೆಯ ಪತ್ರಗಳಲ್ಲಿ ಒಂದು ಎನ್ನಲಾಗುವ 1 ಥೆಸಲೋನಿಕ ಆ ಸಾಲಿನ ಮಧ್ಯದಲ್ಲೆಲ್ಲೋ ಇದೆ.

ಇದೇ ಹಳೆಯ ಒಡಂಬಡಿಕೆಯನ್ನು ಯೆಹೂದ್ಯರು ಬೇರೆ ಕಪಾಟಿನಲ್ಲಿ ಜೋಡಿಸುತ್ತಾರೆ: ತೋರಾ, ನೆವಿಯೀಮ್, ಕೆತುವೀಮ್, ಅಂದರೆ ಧರ್ಮೋಪದೇಶ, ಪ್ರವಾದಿಗಳು, ಬರಹಗಳು. ಅವರ ಲೆಕ್ಕದಲ್ಲಿ ಪುಸ್ತಕಗಳು 24. ಒಳಗಿರುವುದು ಪ್ರೊಟೆಸ್ಟೆಂಟರ 39ರಲ್ಲಿರುವುದೇ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಒಂದೊಂದೂ ಎರಡರ ಬದಲು ಒಂದು (3 ಕಡಿಮೆ), ಎಜ್ರ ಮತ್ತು ನೆಹೆಮೀಯ ಸೇರಿ ಒಂದು (1 ಕಡಿಮೆ), ಹನ್ನೆರಡು ಚಿಕ್ಕ ಪ್ರವಾದಿಗಳು ಸೇರಿ ಒಂದೇ ಸುರುಳಿ (11 ಕಡಿಮೆ). 39ರಲ್ಲಿ 15 ಹೋದರೆ 24.

ಕಪಾಟು ಬದಲಾದರೆ ಓದೂ ಬದಲಾಗುತ್ತದೆ. ನಾವು ಚರಿತ್ರೆ ಎನ್ನುವ ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಅರಸುಗಳು ಯೆಹೂದ್ಯರಿಗೆ ‘ಮೊದಲಿನ ಪ್ರವಾದಿಗಳು’. ಆ ಹೆಸರು ಮನಸ್ಸಿನಲ್ಲಿದ್ದರೆ ಅವು ರಾಜರ ದಿನಚರಿಯಾಗಿ ಕಾಣುವುದಿಲ್ಲ, ರಾಜರ ಮೇಲಿನ ತೀರ್ಪಾಗಿ ಕಾಣುತ್ತವೆ. ನಾವು ಪ್ರವಾದಿಗಳ ಸಾಲಿನಲ್ಲಿಟ್ಟ ದಾನಿಯೇಲ ಅವರಲ್ಲಿ ‘ಬರಹಗಳ’ ಗುಂಪಿನಲ್ಲಿದ್ದಾನೆ. ಯೆಹೂದ್ಯರ ಜೋಡಣೆ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತದೊಂದಿಗೆ, ಯೆರೂಸಲೇಮಿಗೆ ಮರಳಿರೆಂಬ ಕರೆಯಲ್ಲಿ ಮುಗಿಯುತ್ತದೆ. ಕ್ರೈಸ್ತರದು ಎಲೀಯನು ಬರುವನೆಂಬ ಮಲಾಕಿಯ ಮಾತಿನಲ್ಲಿ ನಿಂತು, ಪುಟ ತಿರುಗಿಸಿದರೆ ಮತ್ತಾಯ. ಜೋಡಿಸಿದವರು ಜೋಡಣೆಯಲ್ಲೇ ತಮ್ಮ ಮಾತನ್ನು ಹೇಳಿದ್ದಾರೆ.

ಹಂತ 3: ಅಧ್ಯಾಯ, ವಚನಗಳನ್ನು ವಿಳಾಸವಾಗಿ ಮಾತ್ರ ಬಳಸಿ

‘ಮತ್ತಾಯ 5:3’ ಎಂದರೆ 5ನೇ ಅಧ್ಯಾಯದ 3ನೇ ವಚನ. (ಬೈಬಲಿನಲ್ಲಿ ‘ವಚನ’ ಎಂದರೆ ಎಣಿಸಿದ ಒಂದು ಸಾಲು, ಶರಣರ ವಚನದ ಅರ್ಥ ಇಲ್ಲಿಲ್ಲ.) ಓಬದ್ಯ, ಫಿಲೆಮೋನ, 2 ಯೋಹಾನ, 3 ಯೋಹಾನ, ಯೂದ ಈ ಐದರಲ್ಲಿ ಒಂದೇ ಅಧ್ಯಾಯವಿರುವುದರಿಂದ ಒಂದೇ ಸಂಖ್ಯೆ ಬರೆದಿದ್ದರೆ ಅದು ವಚನದ ಸಂಖ್ಯೆ.

ಈ ಅಂಕೆಗಳು ಮೂಲ ಲೇಖಕರವಲ್ಲ. ಈಗಿನ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ್ದು. ಅದನ್ನು ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್‌ನ ಹೆಸರಿಗೆ ಹೇಳುವುದು ವಾಡಿಕೆ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನಿಂದ. ಅಧ್ಯಾಯ ಮುಗಿಯಿತೆಂದು ಓದು ನಿಲ್ಲಿಸಿದರೆ ಎಷ್ಟೋ ಕಡೆ ವಾಕ್ಯದ ನಡುವೆ ನಿಂತಂತೆ. 1 ಕೊರಿಂಥ 13ರ ‘ಪ್ರೀತಿಯ ಅಧ್ಯಾಯ’ವನ್ನು ಮದುವೆಗಳಲ್ಲಿ ಓದುತ್ತಾರೆ. 12 ಮತ್ತು 14ನ್ನು ಸೇರಿಸಿ ಓದಿ: ದೇವರು ಕೊಟ್ಟ ವರಗಳಲ್ಲಿ ಯಾರದು ದೊಡ್ಡದೆಂದು ಕಿತ್ತಾಡುತ್ತಿದ್ದ ಸಭೆಗೆ ಹೇಳಿದ ಮಾತು ಅದು. ಹಿನ್ನೆಲೆ ತಿಳಿದರೆ ಅದರ ಬಿಸಿ ಇನ್ನೂ ಹೆಚ್ಚು.

ಕೀರ್ತನೆಗಳ ಸಂಖ್ಯೆಯಲ್ಲೂ ಗೊಂದಲವುಂಟು. ಗ್ರೀಕ್ ಮತ್ತು ಲ್ಯಾಟಿನ್ ಅನುವಾದಗಳು 9 ಮತ್ತು 10ನ್ನು ಒಂದೇ ಹಾಡಾಗಿ ಎಣಿಸಿದ್ದರಿಂದ ಅಲ್ಲಿಂದ ಮುಂದೆ ಬಹುಪಾಲು ಒಂದೊಂದು ಅಂಕೆ ಹಿಂದೆ ಬೀಳುತ್ತದೆ. ಕುರುಬನ ಕೀರ್ತನೆ ನಮ್ಮಲ್ಲಿ 23. ಹಳೆಯ ಲ್ಯಾಟಿನ್ ಪೂಜಾಪುಸ್ತಕಗಳಲ್ಲಿ 22. ಯಾರೋ ಕೊಟ್ಟ ಉಲ್ಲೇಖ ಹೊಂದದಿದ್ದರೆ ಹಿಂದಿನದನ್ನೂ ಮುಂದಿನದನ್ನೂ ನೋಡಿ.

ಹಂತ 4: ಬಗೆಯನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಓದಿ

*ಧರ್ಮಶಾಸ್ತ್ರ.* ಐದು ಪುಸ್ತಕಗಳು, 187 ಅಧ್ಯಾಯಗಳು. ಹೆಸರು ಧರ್ಮಶಾಸ್ತ್ರವಾದರೂ ಆದಿಕಾಂಡ ಪೂರ್ತಿ ಹೆಚ್ಚುಕಡಿಮೆ ಕತೆಯೇ. ಧರ್ಮೋಪದೇಶಕಾಂಡ ಬಹುಪಾಲು ಮೋಶೆಯ ಬೀಳ್ಕೊಡುಗೆಯ ಭಾಷಣ. ಕನ್ನಡದ ಹೆಸರುಗಳಲ್ಲಿ ‘ಅರಣ್ಯಕಾಂಡ’ದ ಬಗ್ಗೆ ಒಂದು ಮಾತು ಹೇಳಲೇಬೇಕು. ಗ್ರೀಕ್ ಹೆಸರು ‘ಸಂಖ್ಯೆಗಳು’ ಎಂದು. ಕಾರಣ, ಅದರ 1 ಮತ್ತು 26ನೇ ಅಧ್ಯಾಯಗಳಲ್ಲಿ ಎರಡು ಜನಗಣತಿಗಳಿವೆ: 6,03,550 ಮತ್ತು 6,01,730 ಮಂದಿ ಗಂಡಸರು. ಇಬ್ರಿಯ (ಹೀಬ್ರೂ) ಹೆಸರಾದರೋ ‘ಬೆಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’. ರಾಮಾಯಣದ ಕಾಂಡಗಳನ್ನು ಬಲ್ಲ ಕನ್ನಡಕ್ಕೆ ಈ ಹೆಸರು ಎಷ್ಟು ಚೆನ್ನಾಗಿ ಕೂತಿದೆ! ಎಚ್ಚರವಿರಲಿ, ಇದು ದಂಡಕಾರಣ್ಯದಂಥ ದಟ್ಟಡವಿಯಲ್ಲ, ನೀರಿಲ್ಲದ ಬೆಂಗಾಡು.

ಕಾನೂನು ಎದುರಾದಾಗ ಎರಡು ಬಗೆಯನ್ನು ಬೇರ್ಪಡಿಸಿ. ‘ನರಹತ್ಯ ಮಾಡಬಾರದು’ ಎಂಬಂಥ ನೇರ ಆಜ್ಞೆ ಒಂದು (ವಿಮೋಚನಕಾಂಡ 20). ‘ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ಹಾದು ಕೊಂದರೆ’ ಎಂದು ಶುರುವಾಗುವ ಪಂಚಾಯಿತಿ ತೀರ್ಮಾನ ಇನ್ನೊಂದು (21ರಿಂದ 22). ಎರಡನೆಯದನ್ನು ಓದುವಾಗ ‘ಇದು ಯಾರನ್ನು ಕಾಪಾಡುತ್ತಿದೆ?’ ಎಂದು ಕೇಳಿಕೊಳ್ಳಿ. ಒಣಕಲು ಎನಿಸಿದ ಪುಟಕ್ಕೆ ಜೀವ ಬರುತ್ತದೆ.

ಯಾಜಕಕಾಂಡದ 1ರಿಂದ 7ರಲ್ಲಿ ಐದು ಬಗೆಯ ಅರ್ಪಣೆಗಳಿವೆ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ. ಇವೇ ಐದು ಎರಡು ಸಲ ಬರುತ್ತವಲ್ಲ ಎಂದು ಬೇಸರಪಡುವವರುಂಟು. ಮೊದಲ ಸುತ್ತು (6:7ರವರೆಗೆ) ಅರ್ಪಿಸಲು ಬಂದವನಿಗೆ; ಎರಡನೆಯದು (6:8ರಿಂದ) ಯಾಜಕನಿಗೆ. ಬೂದಿ ತೆಗೆಯುವುದು ಹೇಗೆ, ಯಾವ ಪಾಲು ಯಾರು ತಿನ್ನಬೇಕು ಎಂಬುದು ಎರಡನೆಯ ಸುತ್ತಿನ ವಿಷಯ.

*ಚರಿತ್ರೆ.* ಇದನ್ನು ಕತೆಯಂತೆ ವೇಗವಾಗಿ ಓದಬಹುದು. ತಪ್ಪಾಗುವುದು ಒಂದೇ ಕಡೆ: ನಡೆದದ್ದನ್ನು ಹೇಳಿದ ಮಾತ್ರಕ್ಕೆ ಬೈಬಲ್ ಅದನ್ನು ಒಪ್ಪಿತೆಂದು ತಿಳಿಯುವುದು. ನ್ಯಾಯಸ್ಥಾಪಕರು ಪುಸ್ತಕದ ಕೊನೆಯ ಅಧ್ಯಾಯಗಳ ಕ್ರೌರ್ಯವನ್ನು ಯಾರಿಗೂ ಮಾದರಿಯಾಗಿ ಬರೆದಿಲ್ಲ. ಅರಸನಿರಲಿಲ್ಲ, ಪ್ರತಿಯೊಬ್ಬನೂ ತನಗೆ ಸರಿಕಂಡಂತೆ ಮಾಡುತ್ತಿದ್ದ ಎಂಬ ಕೊನೆಯ ಸಾಲೇ ಅದರ ತೀರ್ಪು. ಸಮುವೇಲ ಮತ್ತು ಅರಸುಗಳಲ್ಲಿ ಬಂದದ್ದೇ ಪೂರ್ವಕಾಲವೃತ್ತಾಂತದಲ್ಲಿ ಮತ್ತೆ ಬಂದಾಗ ವ್ಯತ್ಯಾಸ ಹುಡುಕಿ. 2 ಸಮುವೇಲ 11ರಲ್ಲಿರುವ ದಾವೀದ ಮತ್ತು ಬತ್ಷೆಬೆಯ ಪ್ರಕರಣ 1 ಪೂರ್ವಕಾಲವೃತ್ತಾಂತ 20ರಲ್ಲಿ ಇಲ್ಲ. ಎರಡನೆಯ ಲೇಖಕನ ಲಕ್ಷ್ಯ ದೇವಾಲಯ, ಅದರ ಸೇವೆ, ಯೆಹೂದದ ಅರಸುವಂಶ.

*ಪದ್ಯ.* ಇಲ್ಲಿ ನಿಧಾನ ಬೇಕು. ಹಳೆಯ ಒಡಂಬಡಿಕೆಯ ದೊಡ್ಡ ಭಾಗ ಪದ್ಯ. ಕೆಲವು ಮುದ್ರಣಗಳು ಅದನ್ನೂ ಗದ್ಯದಂತೆ ಒತ್ತೊತ್ತಾಗಿ ಅಚ್ಚು ಹಾಕಿರುವುದರಿಂದ ಗೊತ್ತಾಗುವುದಿಲ್ಲ. ಗುರುತಿಸುವುದು ಹೀಗೆ: ಒಂದು ವಚನವನ್ನು ಗಟ್ಟಿಯಾಗಿ ಓದಿ, ಅದು ಎರಡು ತುಂಡಾಗಿ ಮುರಿದು, ಎರಡನೆಯದು ಮೊದಲನೆಯದಕ್ಕೆ ದನಿಗೂಡಿಸುತ್ತಿದ್ದರೆ ಅದು ಪದ್ಯ. ನಮ್ಮ ಪ್ರಾಸ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ. ಇಬ್ರಿಯರ ಪದ್ಯ ಅರ್ಥಕ್ಕೆ ಅರ್ಥ ಹೊಂದಿಸುತ್ತದೆ. ಅನುವಾದದಲ್ಲಿ ಅಕ್ಷರಪ್ರಾಸ ಸಾಯುತ್ತದೆ, ಅರ್ಥಪ್ರಾಸ ಉಳಿಯುತ್ತದೆ. ಕನ್ನಡದಲ್ಲೂ ಕೀರ್ತನೆಗಳು ಹಾಡಿನಂತೆ ಕೇಳಿಸುವುದಕ್ಕೆ ಇದೊಂದು ಕಾರಣ.

ಜೋಡಿ ಸಾಲುಗಳಲ್ಲಿ ಮೂರು ಮುಖ್ಯ ರೀತಿಗಳನ್ನು ಗಮನಿಸಿ. ಕೀರ್ತನೆ 19:1ರಲ್ಲಿ ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆ, ಗಗನವು ಅವನ ಕೈಕೆಲಸವನ್ನು ತಿಳಿಸುತ್ತದೆ: ಒಂದೇ ಮಾತು ಎರಡು ಸಲ. ಜ್ಞಾನೋಕ್ತಿ 10:1ರಲ್ಲಿ ಜಾಣ ಮಗ ತಂದೆಗೆ ಸಂತೋಷ, ಮೂಢ ಮಗ ತಾಯಿಗೆ ದುಃಖ: ಎದುರುಬದುರು. ಕೀರ್ತನೆ 42:1ರಲ್ಲಿ ಜಿಂಕೆ ತೊರೆಯ ನೀರಿಗೆ ಹಂಬಲಿಸುವಂತೆ ನನ್ನ ಮನಸ್ಸು ನಿನಗಾಗಿ: ಮೊದಲ ಸಾಲು ಕೈಚಾಚಿ, ಎರಡನೆಯದು ಹಿಡಿಯುತ್ತದೆ. ಇದನ್ನು ಅರಿಯದವರು ‘ಆಕಾಶ’ಕ್ಕೂ ‘ಗಗನ’ಕ್ಕೂ ಭೇದ ಹುಡುಕುತ್ತಾ ಕೂರುತ್ತಾರೆ. ಜಾಣ ಮಗ ತಾಯಿಗೆ ಸಂತೋಷ ಕೊಡನೇ ಎಂಬ ಪ್ರಶ್ನೆಗೂ ಇಲ್ಲಿ ಜಾಗವಿಲ್ಲ.

ಗದ್ಯಕ್ಕೂ ಪದ್ಯಕ್ಕೂ ಇರುವ ಅಂತರ ಕಾಣಬೇಕಾದರೆ ನ್ಯಾಯಸ್ಥಾಪಕರು 4 ಮತ್ತು 5ನ್ನು ಒಟ್ಟಿಗೆ ಓದಿ. ಘಟನೆ ಒಂದೇ, ಸೀಸೆರನ ಸೋಲು ಮತ್ತು ಸಾವು. 4ರಲ್ಲಿ ಅವನು ದಣಿದು ಮಲಗಿ ಗಾಢನಿದ್ರೆಯಲ್ಲಿರುವಾಗ ಯಾಯೇಲಳು ಗೂಟ ಬಡಿಯುತ್ತಾಳೆ. 5ರ ಹಾಡಿನಲ್ಲಿ ಅವನು ಅವಳ ಕಾಲಬಳಿ ಕುಸಿದ, ಬಿದ್ದ, ಬಿದ್ದೇ ಹೋದ. ಮಲಗಿದ್ದವನು ಬೀಳುವುದು ಹೇಗೆ ಎಂದು ಲೆಕ್ಕ ಹಾಕಬೇಡಿ. ಹಾಡು ಒಬ್ಬ ಸೇನಾಪತಿಯ ಪತನವನ್ನು ಹಾಡುತ್ತಿದೆ.

150 ಕೀರ್ತನೆಗಳು ಐದು ಕಟ್ಟುಗಳಲ್ಲಿವೆ: 1ರಿಂದ 41, 42ರಿಂದ 72, 73ರಿಂದ 89, 90ರಿಂದ 106, 107ರಿಂದ 150. ಮೊದಲ ನಾಲ್ಕು ಕಟ್ಟುಗಳ ಕೊನೆಯಲ್ಲಿ ಒಂದು ಸ್ತುತಿವಾಕ್ಯವಿದೆ. ಐದನೆಯದಕ್ಕೆ 150ನೆಯ ಕೀರ್ತನೆ ಪೂರ್ತಿ ಸ್ತುತಿಯೇ. ಇವುಗಳಲ್ಲಿ ಅತಿ ದೊಡ್ಡ ಗುಂಪು ಸ್ತುತಿಯದಲ್ಲ, ಗೋಳಿನದು. ಅದರ ಮಾದರಿ ನೋಡಬೇಕಾದರೆ ಬರೀ 6 ವಚನಗಳ ಕೀರ್ತನೆ 13 ತೆಗೆಯಿರಿ: ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ದೂರು, ಆಮೇಲೆ ಬೇಡಿಕೆ, ಕೊನೆಗೆ ಭರವಸೆ. ಈಗ 88ನ್ನು ಓದಿ. ಅಲ್ಲಿ ಆ ಕೊನೆಯ ಮೆಟ್ಟಿಲೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ನೊಂದವರಿಗೆ ಸಾಂತ್ವನ ಹೇಳಲು ಹೋಗುವವರು ಈ ಕೀರ್ತನೆಯನ್ನು ಒಮ್ಮೆ ಓದಿಕೊಂಡು ಹೋಗಬೇಕು. 119ರಲ್ಲಿ 176 ವಚನಗಳು: ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳಿಗೆ ಎಂಟೆಂಟು. ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯಗಳೂ ಅಕ್ಷರಮಾಲೆಯ ಕಟ್ಟಿನವು.

*ಜ್ಞಾನಸಾಹಿತ್ಯ.* ಜ್ಞಾನೋಕ್ತಿ 1ರಿಂದ 9 ತಂದೆ ಮಗನಿಗೆ ಹೇಳುವ ಉದ್ದನೆಯ ಬುದ್ಧಿಮಾತು. 10ರಿಂದ ಬಿಡಿಬಿಡಿ ಗಾದೆಗಳು. ಗಾದೆಯನ್ನು ವಾಗ್ದಾನವಾಗಿ ಓದುವುದೇ ಇಲ್ಲಿನ ದೊಡ್ಡ ತಪ್ಪು. ‘ಮಾತು ಬೆಳ್ಳಿ, ಮೌನ ಬಂಗಾರ’ ಎನ್ನುವ ನಾವೇ ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎನ್ನುತ್ತೇವೆ. ಯಾವುದನ್ನು ಯಾವಾಗ ಆಡಬೇಕೆಂಬುದು ಆಡುವವನ ವಿವೇಕ. ಜ್ಞಾನೋಕ್ತಿ 26:4 ಮೂಢನಿಗೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಅಕ್ಕಪಕ್ಕದಲ್ಲೇ ಇಟ್ಟದ್ದು ಬೇಕೆಂದೇ.

ಯೋಬನ ಪುಸ್ತಕದಲ್ಲಿ ಮಾತಾಡುತ್ತಿರುವವರು ಯಾರೆಂದು ಅಂಚಿನಲ್ಲಿ ಬರೆದುಕೊಳ್ಳದೆ ಮುಂದೆ ಹೋಗಬೇಡಿ. 1 ಮತ್ತು 2 ಗದ್ಯ, 3ರಿಂದ 42:6ರವರೆಗೆ ಪದ್ಯಸಂವಾದ, ಕೊನೆಯ ಹನ್ನೊಂದು ವಚನ ಮತ್ತೆ ಗದ್ಯ. ‘ನಿನ್ನ ಆರಂಭ ಅಲ್ಪವಾಗಿದ್ದರೂ ನಿನ್ನ ಅಂತ್ಯ ಬಹಳ ಹೆಚ್ಚುವುದು’ ಎಂಬರ್ಥದ ಯೋಬ 8:7ನ್ನು ಆಶೀರ್ವಾದದ ಮಾತಾಗಿ ಬಳಸುವುದುಂಟು. ಅದು ಯೋಬನ ಸ್ನೇಹಿತ ಬಿಲ್ದದನ ಮಾತು. ಮಕ್ಕಳನ್ನು ಕಳೆದುಕೊಂಡವನ ಮುಂದೆ ಕೂತು, ಅವರು ಪಾಪಕ್ಕೆ ತಕ್ಕದ್ದು ಉಂಡರು ಎಂದ ಉಸಿರಿನಲ್ಲೇ ಆಡಿದ್ದು. 42:7ರಲ್ಲಿ ದೇವರು ಅವನೂ ಅವನ ಜೊತೆಯವರೂ ಸರಿಯಾಗಿ ಮಾತಾಡಲಿಲ್ಲವೆಂದು ಕೋಪಗೊಳ್ಳುತ್ತಾನೆ.

*ಪ್ರವಾದನೆ.* ‘ದೊಡ್ಡ’, ‘ಚಿಕ್ಕ’ ಪ್ರವಾದಿಗಳೆಂಬುದು ಪುಸ್ತಕದ ಗಾತ್ರದ ಮಾತು: ಯೆಶಾಯ 66 ಅಧ್ಯಾಯ, ಓಬದ್ಯ 21 ವಚನ. ಪ್ರವಾದಿಯನ್ನು ಭವಿಷ್ಯ ಹೇಳುವವನೆಂದು ಮಾತ್ರ ತಿಳಿದರೆ ಮುಕ್ಕಾಲು ಪಾಲು ಕೈತಪ್ಪುತ್ತದೆ. ಅವನು ದೂತ; ‘ಯೆಹೋವನು ಹೀಗನ್ನುತ್ತಾನೆ’ ಎಂಬುದು ಅವನ ಮುದ್ರೆ. ಹೆಚ್ಚಿನ ಮಾತು ಕೇಳುಗರ ಅಂದಿನ ಅನ್ಯಾಯದ ಬಗ್ಗೆ.

ಮೂರು ವರ್ಷಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡಿ. ಕ್ರಿ.ಪೂ. 722: ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಅಶ್ಶೂರರಿಗೆ ಬಿತ್ತು. 586: ದಕ್ಷಿಣದ ಯೆಹೂದ ರಾಜ್ಯದ ರಾಜಧಾನಿ ಯೆರೂಸಲೇಮ್ ಬಾಬೆಲಿನವರಿಗೆ ಬಿತ್ತು. 538: ಸೆರೆಯಿಂದ ಮರಳುವ ಅಪ್ಪಣೆ. ಪ್ರತಿ ಪ್ರವಾದಿಯ ಮೊದಲ ವಚನ ಓದಿ, ಅರಸನ ಹೆಸರು ನೋಡಿ, ಈ ಗೂಟಗಳಿಗೆ ಕಟ್ಟಿ. ಆಮೋಸ, ಹೋಶೇಯ ಮೊದಲ ಗೂಟದ ಹಿಂದೆ, ಯೆಶಾಯ, ಮೀಕ ಅದರ ಆಚೀಚೆ, ಯೆರೆಮೀಯ ಎರಡನೆಯದನ್ನು ಕಣ್ಣಾರೆ ಕಂಡವನು, ಯೆಹೆಜ್ಕೇಲ ಬಾಬೆಲಿನಲ್ಲಿದ್ದವನು, ಹಗ್ಗಾಯ, ಜೆಕರ್ಯ ಮೂರನೆಯದರ ಆಚೆ. ಯೋವೇಲ, ಓಬದ್ಯರು ಅರಸನ ಹೆಸರು ಹೇಳುವುದಿಲ್ಲ. ಅವರನ್ನು ಕಟ್ಟದೆ ಬಿಡಿ. ಯೆರೆಮೀಯನ ಪುಸ್ತಕದೊಳಗೇ ಕಾಲಕ್ರಮವಿಲ್ಲ: 21ನೇ ಅಧ್ಯಾಯ ಕೊನೆಯ ಅರಸ ಚಿದ್ಕೀಯನ ಕಾಲದ್ದು, 25 ಅವನಿಗಿಂತ ಮುಂಚಿನ ಯೆಹೋಯಾಕೀಮನ ನಾಲ್ಕನೆಯ ವರ್ಷದ್ದು.

ಬಹಳ ಜನ ಬಾಯಿಪಾಠ ಮಾಡುವ ಯೆರೆಮೀಯ 29:11, ಹಿತದ ಯೋಚನೆಗಳ ಆ ವಾಗ್ದಾನ, ಸೆರೆಹೋದವರಿಗೆ ಬರೆದ ಕಾಗದದ ಒಂದು ಸಾಲು. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಎನ್ನುತ್ತದೆ. ಅಂದರೆ ಓದಿಸಿಕೊಂಡವರಲ್ಲಿ ಹೆಚ್ಚಿನವರು ಆ ದಿನ ಕಾಣುವುದಿಲ್ಲ. ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದು ಕಾಗದ ಹೇಳುತ್ತದೆ.

*ಸುವಾರ್ತೆ.* ಮೊದಲ ಮೂರರಲ್ಲಿ ಎಷ್ಟೋ ಪ್ರಸಂಗಗಳು ಸಾಮಾನ್ಯ. ಯೋಹಾನನ ದಾರಿ ಬೇರೆ. ಪ್ರಸಂಗಗಳ ಕ್ರಮ ಲೇಖಕನ ಆಯ್ಕೆ. ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದು ಮಾರ್ಕನಲ್ಲಿ 11ನೇ ಅಧ್ಯಾಯ, ಯೋಹಾನನಲ್ಲಿ 2ನೇ ಅಧ್ಯಾಯ. ಮತ್ತಾಯ ಐದು ದೊಡ್ಡ ಬೋಧನೆಗಳನ್ನು ಕಟ್ಟಿಕೊಡುತ್ತಾನೆ (5–7, 10, 13, 18, 24–25). ಪ್ರತಿಯೊಂದರ ಕೊನೆಗೂ ‘ಯೇಸು ಈ ಮಾತುಗಳನ್ನು ಮುಗಿಸಿದ ಮೇಲೆ’ ಎಂಬಂಥ ಸಾಲು ಬರುತ್ತದೆ. ಅದನ್ನು ಗುರುತು ಹಾಕಿದರೆ ಪುಸ್ತಕದ ಎಲುಬು ಕಾಣುತ್ತದೆ. ಸಾಮ್ಯ (ಯೇಸು ಹೇಳಿದ ದೃಷ್ಟಾಂತದ ಕತೆ) ಓದುವಾಗ ಅದನ್ನು ಯಾರಿಗೆ, ಯಾವ ಪ್ರಶ್ನೆಗೆ ಹೇಳಿದ್ದೆಂದು ಮೊದಲು ನೋಡಿ. ಲೂಕ 15ರ ಮೂರೂ ಸಾಮ್ಯಗಳು ‘ಪಾಪಿಗಳೊಂದಿಗೆ ಉಣ್ಣುತ್ತಾನೆ’ ಎಂಬ ಗೊಣಗಾಟಕ್ಕೆ ಕೊಟ್ಟ ಉತ್ತರ.

ಲೂಕನ ಸುವಾರ್ತೆ ಮತ್ತು ಅಪೊಸ್ತಲರ ಕೃತ್ಯಗಳು ಒಂದೇ ಬರಹದ ಎರಡು ಸಂಪುಟ. ಎರಡೂ ಥೆಯೊಫಿಲ ಎಂಬುವನಿಗೆ ಬರೆದವು. ಪರಿವಿಡಿ ನಡುವೆ ಯೋಹಾನನನ್ನು ಕೂರಿಸಿದೆ. ಓದುವಾಗ ಒಮ್ಮೆಯಾದರೂ ಇವೆರಡನ್ನು ಜೋಡಿಸಿ ಓದಿ.

*ಪತ್ರ.* 21ರಲ್ಲಿ 13 ಪೌಲನ ಹೆಸರಿನವು. ಬರೆದವನ ಹೆಸರಿಲ್ಲದ ಇಬ್ರಿಯರಿಗೆ ಒಂದು. ಉಳಿದ ಏಳು ಯಾಕೋಬ, ಪೇತ್ರ, ಯೋಹಾನ, ಯೂದರ ಹೆಸರಿನವು. ಪತ್ರವೆಂದರೆ ದೂರವಾಣಿಯ ಒಂದು ಕಡೆಯ ಮಾತು ಮಾತ್ರ ಕೇಳಿಸಿದಂತೆ. 1 ಕೊರಿಂಥ 1:11ರಲ್ಲಿ ಖ್ಲೋಯೆಯ ಮನೆಯವರು ಸುದ್ದಿ ತಂದರೆಂದಿದೆ, 5:9ರಲ್ಲಿ ಇದಕ್ಕೂ ಮುಂಚಿನ ಒಂದು ಪತ್ರದ ಮಾತಿದೆ, 7:1ರಲ್ಲಿ ‘ನೀವು ಬರೆದ ವಿಷಯಗಳಿಗೆ’ ಎಂದು ಉತ್ತರ ಶುರುವಾಗುತ್ತದೆ. ಇಂಥ ಸುಳಿವು ಕಂಡಲ್ಲೆಲ್ಲ ಆಚೆ ಕಡೆಯ ಪ್ರಶ್ನೆ ಏನಿದ್ದಿರಬಹುದೆಂದು ಬರೆದುಕೊಳ್ಳಿ.

ಪೌಲನ ಪತ್ರದ ಅಚ್ಚು ಹೀಗೆ: ಯಾರಿಂದ, ಯಾರಿಗೆ, ಹಾರೈಕೆ, ಕೃತಜ್ಞತೆ, ವಿಷಯ, ಬುದ್ಧಿಮಾತು, ವಂದನೆಗಳು, ಆಶೀರ್ವಾದ. ಅಚ್ಚು ಗೊತ್ತಿದ್ದರೆ ಅದು ಮುರಿದದ್ದೂ ಗೊತ್ತಾಗುತ್ತದೆ. ಗಲಾತ್ಯದವರಿಗೆ ಬರೆಯುವಾಗ ಕೃತಜ್ಞತೆಯನ್ನೇ ಬಿಟ್ಟು 1:6ರಲ್ಲಿ ನೇರ ‘ನನಗೆ ಆಶ್ಚರ್ಯ’ ಎಂದು ರೇಗುತ್ತಾನೆ. ಒಂದು ಪತ್ರವನ್ನು ಮೊದಲ ಸಲ ಒಂದೇ ಕೂರಿಕೆಯಲ್ಲಿ ಓದಿ. ಕಾಗದವನ್ನು ದಿನಕ್ಕೆ ನಾಲ್ಕು ಸಾಲಿನಂತೆ ಯಾರೂ ಓದುವುದಿಲ್ಲ.

*ದರ್ಶನ.* ದಾನಿಯೇಲ 7ರಿಂದ 12 ಮತ್ತು ಪ್ರಕಟನೆ ಈ ಬಗೆಯವು. ದಾನಿಯೇಲನ ಮೊದಲ ಆರು ಅಧ್ಯಾಯಗಳು ಕತೆ. ಪ್ರಕಟನೆಯಲ್ಲಿ ಮೂರು ಬಗೆಗಳು ಬೆರೆತಿವೆ: 1:3 ತನ್ನನ್ನು ಪ್ರವಾದನೆ ಎನ್ನುತ್ತದೆ, 1:4 ಪತ್ರದಂತೆ ಹಾರೈಸುತ್ತದೆ, 4ರಿಂದ ದರ್ಶನಗಳ ಸರಮಾಲೆ. ಸಂಕೇತದ ಅರ್ಥವನ್ನು ಮೊದಲು ಪುಸ್ತಕದೊಳಗೇ ಹುಡುಕಿ. ದೀಪಸ್ತಂಭಗಳು ಸಭೆಗಳೆಂದು 1:20, ಏಳು ತಲೆ ಏಳು ಬೆಟ್ಟವೆಂದು 17:9 ತಾವೇ ಹೇಳುತ್ತವೆ. ಅಲ್ಲಿ ಸಿಗದಿದ್ದರೆ ಹಳೆಯ ಒಡಂಬಡಿಕೆಗೆ ಹೋಗಿ. 13ನೇ ಅಧ್ಯಾಯದ ಮೃಗದ ಚಿರತೆ, ಕರಡಿ, ಸಿಂಹದ ಅಂಗಗಳು ದಾನಿಯೇಲ 7ರಿಂದ ಬಂದವು, ಮೃಗಗಳು ಅರಸರೆಂದು ದಾನಿಯೇಲ 7:17 ಬಿಡಿಸಿದೆ. ಈ ಎರಡು ಕಡೆ ನೋಡದೆ ಈ ವಾರದ ಸುದ್ದಿಗೆ ಕಟ್ಟಿದ ವ್ಯಾಖ್ಯಾನಗಳು ಮುಂದಿನ ದಶಕದಲ್ಲಿ ಬಿಚ್ಚಿಹೋಗುತ್ತವೆ.

ಹಂತ 5: ಮೊದಲ ಓದಿಗೆ ಒಂದು ದಾರಿ

ಮಾರ್ಕನ 16 ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ರೂತಳು ಮತ್ತು ಯೋನ, ನಾಲ್ಕು ನಾಲ್ಕು ಅಧ್ಯಾಯ. ಯೋನ ಪ್ರವಾದಿಗಳ ಸಾಲಿನಲ್ಲಿದ್ದರೂ ಕತೆ. 2ನೇ ಅಧ್ಯಾಯ ನಡುವೆ ಸೇರಿದ ಕೀರ್ತನೆ. ಮೂರನೆಯದಾಗಿ ಕೀರ್ತನೆ 13, 23, 88, 150. ನಾಲ್ಕನೆಯದು ಆಮೋಸನ ಮೊದಲೆರಡು ಅಧ್ಯಾಯ: ದಮಸ್ಕ, ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ನೆರೆಯವರನ್ನು ಒಬ್ಬೊಬ್ಬರಾಗಿ ಬೈಯುತ್ತಾ, ಯೆಹೂದಕ್ಕೆ ಬಂದು, ಕೊನೆಗೆ ಕೇಳುತ್ತಾ ನಿಂತ ಇಸ್ರಾಯೇಲಿನ ಕೊರಳಿಗೇ ಕುಣಿಕೆ ಬಿಗಿಯುತ್ತಾನೆ. ಐದನೆಯದು ಫಿಲೆಮೋನ, ಐದು ನಿಮಿಷದ ಓದು. ಆರನೆಯದು ದಾನಿಯೇಲ 7, ಅದರ ಬೆನ್ನಿಗೆ ಪ್ರಕಟನೆ 12 ಮತ್ತು 13.

ಇಷ್ಟಾದ ಮೇಲೆ ವಿಮೋಚನಕಾಂಡ 25ಕ್ಕೆ ಮರಳಿ. ಈ ಸಲ ಅಳತೆಗಳನ್ನು ಓದಿ ದಾಟಬೇಡಿ, ಚೌಕುಳಿ ಹಾಳೆಯ ಮೇಲೆ ಬಿಡಿಸಿ. 100 ಮೊಳ ಉದ್ದ, 50 ಮೊಳ ಅಗಲದ ಅಂಗಳ, ಬಾಗಿಲು ಪೂರ್ವಕ್ಕೆ (27ನೇ ಅಧ್ಯಾಯ). ಅಂಗಳದಲ್ಲಿ 5 ಮೊಳ ಚಚ್ಚೌಕದ ಯಜ್ಞವೇದಿ. ಗುಡಾರದೊಳಗೆ ಉತ್ತರಕ್ಕೆ ಮೇಜು, ದಕ್ಷಿಣಕ್ಕೆ ದೀಪಸ್ತಂಭ (26:35). ಪರದೆಯ ಆಚೆ ಆ ಎರಡೂವರೆ ಮೊಳದ ಮಂಜೂಷ. ನಕ್ಷೆಯನ್ನು ಎದುರಿಗಿಟ್ಟುಕೊಂಡು ಯಾಜಕಕಾಂಡ 16 ತೆರೆಯಿರಿ. ವರ್ಷಕ್ಕೊಮ್ಮೆ ಮಹಾಯಾಜಕನು ವೇದಿಯಿಂದ ಪರದೆಯ ಒಳಗೆ ಹೋಗಿ ಮರಳುವ ದಾರಿಯನ್ನು ಬೆರಳಿನಿಂದ ಹಿಡಿಯುತ್ತಾ ಓದಿ.